ಸಣ್ಣ ವಿಮಾನದ ಪೆಟ್ರೋಲ್ ಲೆಕ್ಕ

ಸಣ್ಣ ವಿಮಾನದ ಇಂಜಿನ್ ಆಕಾಶದಲ್ಲಿ ಇಂಧನವಿಲ್ಲದೆ ನಿಲ್ಲುವುದು ಎರಡು ಬಗೆಯಲ್ಲಿ. ಟ್ಯಾಂಕ್ ಪೂರ್ತಿ ಬರಿದಾಗುವುದು ಒಂದು; ಟ್ಯಾಂಕಿನಲ್ಲಿ ಇಂಧನವಿದ್ದೂ ಅದು ಇಂಜಿನ್ನಿಗೆ ತಲುಪದಿರುವುದು ಇನ್ನೊಂದು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2011ರಿಂದ 2015ರವರೆಗಿನ ಅಪಘಾತಗಳನ್ನು ಪರಿಶೀಲಿಸಿ 2017ರಲ್ಲಿ ಒಂದು ಎಚ್ಚರಿಕೆ ಹೊರಡಿಸಿತು. ಅದರ ಪ್ರಕಾರ ಇಂಧನ ನಿರ್ವಹಣೆಯ ತಪ್ಪಿನಿಂದ ಅಲ್ಲಿ ವರ್ಷಕ್ಕೆ 50ಕ್ಕೂ ಹೆಚ್ಚು ಸಣ್ಣ ವಿಮಾನಗಳು ಅಪಘಾತಕ್ಕೆ ಸಿಕ್ಕಿವೆ. ಅವನ್ನು ಹಾರಿಸುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ವೃತ್ತಿಪರ ಪರವಾನಗಿ ಪಡೆದವರು. ಇನ್ನೂ ಕಲಿಯುತ್ತಿದ್ದವರು ಶೇ 2ರಷ್ಟು ಮಾತ್ರ.

ಮೈಸೂರು ವಿಮಾನ ನಿಲ್ದಾಣ ಇರುವುದು ನಂಜನಗೂಡು ಹೆದ್ದಾರಿಯ ಬದಿಯ ಮಂಡಕಳ್ಳಿಯಲ್ಲಿ. ಮೈಸೂರು ಸಂಸ್ಥಾನದ ಕಾಲದಲ್ಲಿ, 1940ರ ದಶಕದಲ್ಲಿ ಆದ ಈ ನಿಲ್ದಾಣ 2010ರಲ್ಲಿ ಹೊಸ ಕಟ್ಟಡದೊಂದಿಗೆ ಮತ್ತೆ ತೆರೆಯಿತು. ಇಲ್ಲಿಂದ ನಂಜನಗೂಡು ನೇರ ದಕ್ಷಿಣಕ್ಕೆ ಸುಮಾರು 12 ಕಿ.ಮೀ., ಟಿ. ನರಸೀಪುರ ಪೂರ್ವಕ್ಕೆ ಸುಮಾರು 27 ಕಿ.ಮೀ. ಈ ಎರಡು ಊರುಗಳ ನಡುವಿನ ಕಪಿಲಾ ಬಯಲಿನ ಜನಕ್ಕೆ ತಲೆಯ ಮೇಲೆ ಸುತ್ತುವ ತರಬೇತಿ ವಿಮಾನದ ಸದ್ದು ಹೊಸದಲ್ಲ. ಆ ಬಯಲಲ್ಲಿ ಗದ್ದೆ ಮಾಡುವ ಹಿರಿಯರೊಬ್ಬರಿಗೂ ವಿಮಾನ ಹಾರಿಸಲು ಕಲಿತ ಅವರ ತಮ್ಮನ ಮಗಳಿಗೂ ನಡೆದ ಮಾತುಕತೆ ಇದು.

ದೊಡ್ಡಪ್ಪ: ಅಲ್ಲ ಕಣವ್ವ, ಟ್ಯಾಂಕ್ ತುಂಬಿಸ್ಕೊಂಡೇ ಹೊರಟರೆ ಈ ತಾಪತ್ರಯವೇ ಇರಲ್ಲವಲ್ಲ. ಪೆಟ್ರೋಲ್ ಉಳಿಸಿ ಯಾವ ಗಂಟು ಕಟ್ಟಬೇಕು?

ಮಗಳು: ಎಲ್ಲ ಸಲ ತುಂಬಿಸೋಕಾಗಲ್ಲ ದೊಡ್ಡಪ್ಪ. ನಾಲ್ಕು ಸೀಟಿನ ಸೆಸ್ನಾ 172 ಇದೆಯಲ್ಲ, ಅದರ ಟ್ಯಾಂಕುಗಳು ತುಂಬಿದರೆ ಬಳಕೆಗೆ ಬರುವ ಇಂಧನವೇ ಸುಮಾರು 200 ಲೀಟರ್. ಒಂದು ಲೀಟರ್ 720 ಗ್ರಾಂ ತೂಗುತ್ತೆ. ಅಲ್ಲಿಗೆ 144 ಕೆ.ಜಿ. ಆಯಿತು. ಜನ, ಲಗೇಜು, ಇಂಧನ ಎಲ್ಲ ಸೇರಿ ಆ ವಿಮಾನ ಹೊರೋದು ಸುಮಾರು 400 ಕೆ.ಜಿ. ಮಾತ್ರ. ಎಂಬತ್ತು ಕೆ.ಜಿ.ಯವರು ನಾಲ್ಕು ಜನ ಕೂತರೆ ಅವರದೇ 320. ಇಂಧನ ಇಳಿಸಬೇಕು, ಇಲ್ಲ ಒಬ್ಬರನ್ನ ಇಳಿಸಬೇಕು.

ದೊಡ್ಡಪ್ಪ: ಇಬ್ಬರೇ ಕೂರೋದು ಇದೆಯಲ್ಲ?

ಮಗಳು: ಅದು ಸೆಸ್ನಾ 152. ಟ್ಯಾಂಕಿಗೆ ಹಿಡಿಯೋದು 98 ಲೀಟರ್. ಅದರಲ್ಲಿ ಇಂಜಿನ್ನಿಗೆ ಸಿಗೋದು 93 ಮಾತ್ರ. ಉಳಿದದ್ದು ಟ್ಯಾಂಕಿನ ತಳದಲ್ಲೇ ಇರುತ್ತೆ, ಅದನ್ನ ಲೆಕ್ಕಕ್ಕೇ ಹಿಡಿಯಬಾರದು. ಗಂಟೆಗೆ ಸುಮಾರು 23 ಲೀಟರ್ ಕುಡಿಯುತ್ತೆ. ಅಂದರೆ ಟ್ಯಾಂಕ್ ತುಂಬಿದ್ದರೆ ನಾಲ್ಕು ಗಂಟೆ. ನಾವು ಲೀಟರನ್ನ ಕೂಡಲೇ ಗಂಟೆಗೆ ತಿರುಗಿಸಿಕೊಳ್ತೀವಿ. ಹೊರಟ ಹೊತ್ತು ಬರೆದುಕೊಂಡರೆ ಎಷ್ಟು ಹೊತ್ತಿಗೆ ಬರಿದಾಗುತ್ತೆ ಅನ್ನೋದು ಗಡಿಯಾರದಲ್ಲೇ ಗೊತ್ತಾಗುತ್ತೆ.

ದೊಡ್ಡಪ್ಪ: ಮುಳ್ಳು ನೋಡಿದರೆ ಗೊತ್ತಾಗಲ್ವ?

ಮಗಳು: ಮುಳ್ಳನ್ನ ನೋಡಬೇಕು, ಆದರೆ ಅದೊಂದನ್ನೇ ನಂಬಬಾರದು. ಹಳೇ ವಿಮಾನಗಳಲ್ಲಿ ಟ್ಯಾಂಕಿನೊಳಗೆ ತೇಲುವ ಬುರುಡೆ ಇರುತ್ತೆ. ವಿಮಾನ ವಾಲಿದರೆ ಇಂಧನ ಒಂದು ಕಡೆಗೆ ಸರಿಯುತ್ತೆ, ಮುಳ್ಳೂ ಕುಣಿಯುತ್ತೆ.

ಆದ್ದರಿಂದ ಇಂಧನದ ಲೆಕ್ಕ ಶುರುವಾಗುವುದು ನೆಲದ ಮೇಲೆ, ಕಣ್ಣಿಂದ ಮತ್ತು ಕೈಯಿಂದ. ಸೆಸ್ನಾದ ರೆಕ್ಕೆ ತಲೆಯ ಮೇಲಿರುವುದರಿಂದ ಏಣಿ ಹಾಕಿಕೊಂಡೋ ಮೆಟ್ಟಿಲ ಮೇಲೆ ನಿಂತೋ ಮುಚ್ಚಳ ತೆಗೆಯಬೇಕು. ಗೀಟು ಹಾಕಿದ ಡಿಪ್‌ಸ್ಟಿಕ್ಕನ್ನು ತಳ ಮುಟ್ಟುವವರೆಗೆ ನೆಟ್ಟಗೆ ಇಳಿಸಿ, ತೆಗೆದು, ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ನೋಡಬೇಕು. ಈ ಇಂಧನ ಬೇಗ ಆರುತ್ತದೆ. ನಿಧಾನಿಸಿದರೆ ಒದ್ದೆಯ ಗೆರೆ ಕಣ್ಣೆದುರೇ ಮಾಯವಾಗುತ್ತದೆ. ಒಂದು ಮಾದರಿಯ ಡಿಪ್‌ಸ್ಟಿಕ್ ಇನ್ನೊಂದಕ್ಕೆ ಹೊಂದುವುದಿಲ್ಲ. ವಿಮಾನ ಇಳಿಜಾರಿನಲ್ಲಿ ನಿಂತಿದ್ದರೆ ಒಂದು ರೆಕ್ಕೆಯ ಅಳತೆ ಹೆಚ್ಚು, ಇನ್ನೊಂದರದು ಕಡಿಮೆ ಬರುತ್ತದೆ. ಮುಚ್ಚಳ ಸರಿಯಾಗಿ ಕೂರದಿದ್ದರೆ ಹಾರಾಟದಲ್ಲಿ ರೆಕ್ಕೆಯ ಮೇಲಿನ ಗಾಳಿಯ ಸೆಳೆತಕ್ಕೆ ಇಂಧನ ಹೊರಗೆ ಹೋಗುತ್ತಲೇ ಇರುತ್ತದೆ.

ಆಮೇಲಿನ ಕೆಲಸ ತಳದ ಕವಾಟದಿಂದ ಸಣ್ಣ ಪಾರದರ್ಶಕ ಲೋಟಕ್ಕೆ ಒಂದಿಷ್ಟು ಇಂಧನ ಬಿಟ್ಟು ಬೆಳಕಿಗೆ ಹಿಡಿಯುವುದು. ಪಿಸ್ಟನ್ ಇಂಜಿನ್ನಿನ ವಿಮಾನಗಳಿಗೆ ಹಾಕುವ ಅವ್‌ಗ್ಯಾಸ್ 100 ಎಲ್‌ಎಲ್ ತಿಳಿ ನೀಲಿ ಬಣ್ಣದ್ದು. ನೀರು ಸೇರಿದ್ದರೆ ಅದು ಬಣ್ಣವಿಲ್ಲದ ಗುಂಡಾಗಿ ಲೋಟದ ತಳಕ್ಕೆ ಇಳಿದಿರುತ್ತದೆ. ಮಳೆಗಾಲದಲ್ಲಿ ಮುಚ್ಚಳದ ವಾಷರ್ ಸವೆದಿದ್ದರೆ ನೀರು ಇಳಿಯುವುದು ಸಾಮಾನ್ಯ. ಅರ್ಧ ಖಾಲಿ ಟ್ಯಾಂಕನ್ನು ರಾತ್ರಿಯಿಡೀ ಬಿಟ್ಟರೆ ಒಳಗಿನ ಗಾಳಿಯ ತೇವವೇ ಹನಿಗಟ್ಟುತ್ತದೆ. ಲೋಟದಲ್ಲಿ ನೀಲಿಯ ಬದಲು ಹುಲ್ಲಿನ ಬಣ್ಣದ, ಬೆರಳಿಗೆ ಜಿಡ್ಡು ಹತ್ತುವ ದ್ರವ ಬಂದರೆ ಯಾರೋ ಜೆಟ್ ವಿಮಾನದ ಇಂಧನ ಹಾಕಿದ್ದಾರೆಂದು ಅರ್ಥ. ಅದರಲ್ಲಿ ಈ ಇಂಜಿನ್ ಸ್ವಲ್ಪ ಹೊತ್ತು ಓಡಿ, ನೆಲ ಬಿಟ್ಟ ಮೇಲೆ ಕೈಕೊಡುತ್ತದೆ. ಅವ್‌ಗ್ಯಾಸನ್ನು ಭಾರತ ಬಹಳ ವರ್ಷ ಹೊರದೇಶದಿಂದಲೇ ತರಿಸುತ್ತಿತ್ತು. ಇಂಡಿಯನ್ ಆಯಿಲ್ ವಡೋದರದ ಗುಜರಾತ್ ರಿಫೈನರಿಯಲ್ಲಿ ತಯಾರಿಸಿ ಮಾರುಕಟ್ಟೆಗೆ ಬಿಟ್ಟದ್ದು 2022ರ ಸೆಪ್ಟೆಂಬರಿನಲ್ಲಿ. ಇದು ಎಲ್ಲ ನಿಲ್ದಾಣಗಳಲ್ಲೂ ಸಿಗುವುದಿಲ್ಲ. ಹೋದ ಊರಲ್ಲಿ ತುಂಬಿಸಿಕೊಂಡರಾಯಿತು ಎಂದು ಹೊರಡುವವರು ಮೊದಲು ಅಲ್ಲಿಗೆ ಫೋನ್ ಮಾಡಿ ಕೇಳಿರಬೇಕು.

ದೊಡ್ಡಪ್ಪ: ಅಳತೆ ಸರಿ ಸಿಕ್ತು ಅನ್ನು. ಆಮೇಲೂ ತಪ್ಪು ಆಯ್ತದಾ?

ಮಗಳು: ಎಷ್ಟೋ ಸಲ ಆಗುತ್ತೆ. ವಿಮಾನದ ಪುಸ್ತಕ ಗ್ಯಾಲನ್ ಅನ್ನುತ್ತೆ, ಇಂಧನ ತುಂಬೋ ಬೌಸರ್ ಲಾರಿ ಲೀಟರಲ್ಲಿ ಹಾಕುತ್ತೆ, ತೂಕ ಪೌಂಡಲ್ಲೋ ಕೆ.ಜಿ.ಯಲ್ಲೋ ಬೇಕು. 152ರ 24.5 ಗ್ಯಾಲನ್ನೂ 93 ಲೀಟರೂ ಒಂದೇ. ಹಾಳೆಯ ಮೇಲೆ ಬರೀ ಅಂಕಿ ಬರೆದು ಮಾನ ಬರೆಯದೆ ಹೋದರೆ ಯಾವುದು ಯಾವುದೋ ಆಗುತ್ತೆ.

ಇದಕ್ಕೆ ಲೋಕಪ್ರಸಿದ್ಧ ಉದಾಹರಣೆ ಸಣ್ಣ ವಿಮಾನದ್ದಲ್ಲ. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767ಕ್ಕೆ 22,300 ಕೆ.ಜಿ. ಇಂಧನ ಬೇಕಿತ್ತು. ಲೀಟರಿಗೆ 1.77 ಎಂಬ ಅಂಕಿ ಪೌಂಡಿನದು, ಅದನ್ನು ಕೆ.ಜಿ. ಎಂದೇ ಹಿಡಿದು ಗುಣಿಸಿದ್ದರಿಂದ ಬೇಕಾದದ್ದರ ಅರ್ಧಕ್ಕಿಂತ ಕಡಿಮೆ ಇಂಧನದಲ್ಲಿ ವಿಮಾನ ಎದ್ದಿತು. 41,000 ಅಡಿ ಎತ್ತರದಲ್ಲಿ ಹಾರುತ್ತಿದ್ದಾಗ ಇಂಧನ ಮುಗಿಯತೊಡಗಿ, ಒಂದಾದ ಮೇಲೊಂದು ಎರಡೂ ಇಂಜಿನ್ ನಿಂತವು. ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯವರೆಗೆ ಗಾಳಿಯಲ್ಲಿ ಜಾರಿಕೊಂಡು ಬಂದು ಇಳಿದದ್ದರಿಂದ ಎಲ್ಲರೂ ಬದುಕಿದರು. ಅಷ್ಟು ಎತ್ತರ ಸಣ್ಣ ವಿಮಾನಕ್ಕೆ ಇರುವುದಿಲ್ಲ.

ದೊಡ್ಡಪ್ಪ: ಸರಿ, ಮೈಸೂರಿಂದ ಹುಬ್ಬಳ್ಳಿಗೆ ಹೋಗಬೇಕು ಅನ್ನು. ಆ ಸಣ್ಣದರಲ್ಲಿ ಲೆಕ್ಕ ಹಾಕು, ನೋಡುವ.

ಮಗಳು: ನೇರ ದಾರಿ ಸುಮಾರು 390 ಕಿ.ಮೀ. ಗಾಳಿಯೇ ಇಲ್ಲ ಅಂದುಕೊಂಡರೆ ಗಂಟೆಗೆ 175 ಕಿ.ಮೀ. ವೇಗದಲ್ಲಿ 2 ಗಂಟೆ 14 ನಿಮಿಷ, 51 ಲೀಟರ್. ಇಂಜಿನ್ ಬಿಸಿ ಮಾಡಿ ರನ್‌ವೇವರೆಗೆ ಹೋಗೋಕೆ 3 ಲೀಟರ್, ಮೇಲೇರೋವಾಗ ಹೆಚ್ಚಿಗೆ ಕುಡಿಯೋದಕ್ಕೆ 4. ಅರ್ಧ ಗಂಟೆಯ ರಿಸರ್ವ್ 12. ಎಲ್ಲ ಸೇರಿ 70. ಇರೋದು 93. ಇನ್ನೂ 23 ಲೀಟರ್, ಒಂದು ಗಂಟೆಯಷ್ಟು, ಕೈಯಲ್ಲಿ ಉಳಿಯುತ್ತೆ.

ದೊಡ್ಡಪ್ಪ: ಧಾರಾಳವಾಯ್ತಲ್ಲ.

ಮಗಳು: ಈಗ ಎದುರುಗಾಳಿ ಸೇರಿಸಿ. ಮುಂಗಾರಲ್ಲಿ ಪಶ್ಚಿಮದಿಂದ ಬೀಸೋ ಗಾಳಿ ಮೇಲಕ್ಕೆ ಹೋದಷ್ಟೂ ಜೋರು. ಗಂಟೆಗೆ 35 ಕಿ.ಮೀ. ಎದುರು ಬಿತ್ತು ಅಂದುಕೊಳ್ಳಿ. ನೆಲದ ಲೆಕ್ಕಕ್ಕೆ ವೇಗ 140ಕ್ಕೆ ಇಳಿಯುತ್ತೆ. ಪಯಣ 2 ಗಂಟೆ 47 ನಿಮಿಷ ಆಗುತ್ತೆ, 64 ಲೀಟರ್ ಬೇಕು. ಕೈಯಲ್ಲಿ ಉಳಿಯೋದು 23 ಅಲ್ಲ, ಬರೀ 10. ಹುಬ್ಬಳ್ಳಿ ಮೇಲೆ ಮಳೆ ಹಿಡಿದು ಇಳಿಯೋಕಾಗದೆ ಬೆಳಗಾವಿಯ ಸಾಂಬ್ರಾಕ್ಕೆ ಹೋಗಬೇಕು ಅಂದರೆ ಇನ್ನೂ ಸುಮಾರು 75 ಕಿ.ಮೀ. ಅದಕ್ಕೆ 12 ಲೀಟರ್. ಅಲ್ಲಿಗೆ ರಿಸರ್ವ್‌ಗೆ ಕೈಹಾಕಿದ ಹಾಗಾಯಿತು.

ದೊಡ್ಡಪ್ಪ: ಹೋಗುವಾಗ ಎದುರುಗಾಳಿ ಅಂದ್ರೆ ಬರುವಾಗ ಅದೇ ಗಾಳಿ ಹಿಂದಿನಿಂದ ತಳ್ತದಲ್ಲ, ಸರಿಹೋಯ್ತದೆ.

ಮಗಳು: ಸರಿಹೋಗಲ್ಲ. ಬರುವಾಗ ಗಂಟೆಗೆ 210ರ ವೇಗ ಸಿಕ್ಕಿದರೆ 1 ಗಂಟೆ 51 ನಿಮಿಷ. ಎರಡೂ ಕೂಡಿದರೆ 4 ಗಂಟೆ 38 ನಿಮಿಷ. ಗಾಳಿಯೇ ಇಲ್ಲದಿದ್ದರೆ 4 ಗಂಟೆ 28. ಎದುರುಗಾಳಿಯಲ್ಲಿ ಕಳೆಯೋ ಹೊತ್ತೇ ಜಾಸ್ತಿ ಅಲ್ವಾ, ಅದಕ್ಕೆ ನಷ್ಟ ತುಂಬಿ ಬರಲ್ಲ.

ಇಲ್ಲಿ ಹೇಳಿದ ಅರ್ಧ ಗಂಟೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮದ್ದು. ಕಣ್ಣಿಗೆ ಕಾಣುವ ಹವೆಯಲ್ಲಿ ಹಾರುವ ಖಾಸಗಿ ವಿಮಾನ ಹಗಲಲ್ಲಾದರೆ ಇಳಿಯಬೇಕಾದ ಊರು ತಲುಪಿದ ಮೇಲೂ 30 ನಿಮಿಷ, ರಾತ್ರಿಯಲ್ಲಾದರೆ 45 ನಿಮಿಷ ಹಾರುವಷ್ಟು ಇಂಧನ ಹೊತ್ತಿರಬೇಕು. ಇದು ಕನಿಷ್ಠ ಮಿತಿ. ಮೋಟಾರ್ ಬೈಕು ರಿಸರ್ವ್‌ಗೆ ಬಿದ್ದ ಮೇಲೆ ಬಂಕ್ ಹುಡುಕಿಕೊಂಡು ಹೋಗುವ ರೂಢಿ ಇಲ್ಲಿ ನಡೆಯುವುದಿಲ್ಲ. ಆ ಅರ್ಧ ಗಂಟೆ ಪಯಣಕ್ಕೆ ಸೇರಿದ್ದಲ್ಲ. ರನ್‌ವೇ ಮೇಲೆ ಇನ್ನೊಂದು ವಿಮಾನ ಕೆಟ್ಟು ನಿಂತಾಗ, ಮಳೆಯ ಪರದೆ ಸರಿಯುವವರೆಗೆ ಸುತ್ತಬೇಕಾದಾಗ ಬಳಸುವುದಕ್ಕೆ ಇರುವುದು. ಬಹಳ ಮಂದಿ ಅನುಭವಿಗಳು ಹಗಲಿಗೂ ಒಂದು ಗಂಟೆಯನ್ನೇ ತಮ್ಮ ಮಿತಿಯಾಗಿ ಇಟ್ಟುಕೊಳ್ಳುತ್ತಾರೆ, ಅದು ಸರಿಯಾದ ಕ್ರಮವೂ ಹೌದು.

ಪುಸ್ತಕದ ಅಂಕಿಗೂ ನಿಜದ ಖರ್ಚಿಗೂ ನಡುವೆ ಇನ್ನೊಂದು ಅಂತರವಿದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಅದಕ್ಕೆ ತಕ್ಕಂತೆ ಇಂಧನವನ್ನೂ ಕಡಿಮೆ ಮಾಡುವ ಕೆಂಪು ಗುಂಡಿ ಪೈಲಟ್ಟಿನ ಕೈಯಲ್ಲೇ ಇರುತ್ತದೆ. ಪುಸ್ತಕದ ಲೆಕ್ಕ ಅದನ್ನು ಸರಿಯಾಗಿ ಎಳೆದುಕೊಂಡಾಗಿನದು. ಮಂಡಕಳ್ಳಿಯೇ ಸಮುದ್ರ ಮಟ್ಟದಿಂದ ಸುಮಾರು 2,300 ಅಡಿ ಎತ್ತರದಲ್ಲಿದೆ. ಅಲ್ಲಿಂದ ಏರಿ 6,000 ಅಡಿಯಲ್ಲಿ ಹೋಗುವಾಗಲೂ ಗುಂಡಿಯನ್ನು ಮುಟ್ಟದವರ ಇಂಜಿನ್ ಗಂಟೆಗೆ ಕೆಲವು ಲೀಟರ್ ವ್ಯರ್ಥವಾಗಿ ಕುಡಿಯುತ್ತದೆ.

ದೊಡ್ಡಪ್ಪ: ಗಾಳಿ ಮೊದಲೇ ಗೊತ್ತಿದ್ದರೆ ಸರಿ. ಮೇಲೆ ಹೋದ ಮೇಲೆ ಹೆಚ್ಚಾದರೆ?

ಮಗಳು: ಅದಕ್ಕೇ ದಾರಿಯಲ್ಲಿ ಊರುಗಳನ್ನ ಗುರುತು ಇಟ್ಟುಕೊಳ್ಳೋದು. ಹುಬ್ಬಳ್ಳಿ ದಾರಿಯಲ್ಲಿ ಹಾಸನದ ನೇರಕ್ಕೆ ಸುಮಾರು 105 ಕಿ.ಮೀ. ಗಾಳಿ ಇಲ್ಲದಿದ್ದರೆ 36 ನಿಮಿಷ. ಅದು 45 ನಿಮಿಷ ಆಯಿತು ಅಂದರೆ ಎದುರುಗಾಳಿ 35 ಇದೆ ಅಂತ ಅಲ್ಲೇ ತಿಳಿಯುತ್ತೆ. ಭದ್ರಾವತಿ ಹತ್ತಿರ ಅರ್ಧ ದಾರಿ. 1 ಗಂಟೆ 10 ನಿಮಿಷಕ್ಕೆ ಬರಬೇಕಾದ್ದು 1 ಗಂಟೆ 25 ಆದರೆ ಶಿವಮೊಗ್ಗದ ಸೋಗಾನೆ ನಿಲ್ದಾಣ ಪಕ್ಕದಲ್ಲೇ ಇದೆ. ಇಷ್ಟು ಹೊತ್ತು ಮೀರಿದರೆ ಇಳಿದುಬಿಡ್ತೀನಿ ಅಂತ ಮೈಸೂರಲ್ಲೇ ಹಾಳೆಯ ಮೇಲೆ ಬರೆದಿರಬೇಕು.

ದೊಡ್ಡಪ್ಪ: ಮೇಲೆ ಹೋಗಿ ಯೋಚನೆ ಮಾಡಿದರೆ ಆಗಲ್ವ?

ಮಗಳು: ಮೇಲೆ ಹೋದ ಮೇಲೆ ಮನಸ್ಸು ಊರು ಮುಟ್ಟುವ ಕಡೆಗೇ ಎಳೆಯುತ್ತೆ. ಇನ್ನು ಹತ್ತು ನಿಮಿಷ, ಇನ್ನೊಂದು ಹತ್ತು ನಿಮಿಷ ಅನ್ನಿಸುತ್ತೆ. ಜೊತೆಯಲ್ಲಿ ಕೂತವರಿಗೆ ಮದುವೆಗೆ ಹೊತ್ತಾಗಿರುತ್ತೆ. ಕಲಿಯುವಾಗ ಲೆಕ್ಕವನ್ನ ಮೇಷ್ಟ್ರು ನೋಡ್ತಾರೆ, ಸಹಿ ಹಾಕ್ತಾರೆ. ಲೈಸೆನ್ಸ್ ಬಂದ ಮೇಲೆ ಕೇಳೋರು ಯಾರೂ ಇರಲ್ಲ.

ಯೋಜನೆಯಲ್ಲಿ ಸರಿಯಿದ್ದ ಇಂಧನ ದಾರಿಯಲ್ಲಿ ಹೇಗೆ ಸಾಲದಾಗುತ್ತದೆ ಎಂಬುದಕ್ಕೆ ದಕ್ಷಿಣ ಭಾರತದಲ್ಲೇ ಒಂದು ದೊಡ್ಡ ನಿದರ್ಶನವಿದೆ. 1993ರ ನವೆಂಬರ್ 15ರಂದು ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ ಎ300 ಮದರಾಸಿನಿಂದ ಹೈದರಾಬಾದಿಗೆ ಹೋಯಿತು. ಅಲ್ಲಿ ಮಸುಕು ಕವಿದು ಇಳಿಯಲಾಗದೆ ಮತ್ತೆ ಮೇಲೇರಿದಾಗ, ಇಳಿಯಲೆಂದು ರೆಕ್ಕೆಯಿಂದ ಚಾಚಿದ್ದ ಫ್ಲಾಪ್‌ಗಳು ಹಿಂದಕ್ಕೆ ಮಡಚಲಿಲ್ಲ. ವಿಮಾನ ಮದರಾಸಿನ ಕಡೆಗೆ ಹಿಂತಿರುಗಿತು. ದೂರ ಅಷ್ಟೇ ಇದ್ದರೂ ಚಾಚಿದ ಫ್ಲಾಪ್‌ಗಳು ಗಾಳಿಯನ್ನು ತಡೆಯುತ್ತಿದ್ದುದರಿಂದ ಇಂಧನ ಲೆಕ್ಕ ಮೀರಿ ಖರ್ಚಾಯಿತು. ಕೊನೆಗೆ ತಿರುಪತಿ ಹತ್ತಿರದ ಭತ್ತದ ಗದ್ದೆಯಲ್ಲಿ ಇಳಿಸಬೇಕಾಯಿತು. ಒಳಗಿದ್ದ 262 ಜನರೂ ಉಳಿದರು. ಕಿಲೋಮೀಟರಿನ ಲೆಕ್ಕದಲ್ಲಿ ಬದಲಾಗದ ದಾರಿ ಲೀಟರಿನ ಲೆಕ್ಕದಲ್ಲಿ ಬದಲಾಗಿತ್ತು.

ದೊಡ್ಡಪ್ಪ: ಇನ್ನೊಂದು ಬಗೆ ಅಂದ್ಯಲ್ಲ, ಇದ್ದೂ ಸಿಗದೆ ಹೋಗೋದು?

ಮಗಳು: ಕೆಲವು ವಿಮಾನಗಳಲ್ಲಿ ಎಡ ಟ್ಯಾಂಕೋ ಬಲ ಟ್ಯಾಂಕೋ ಒಂದರಿಂದ ಮಾತ್ರ ಎಳೆಯುತ್ತೆ. ಅರ್ಧ ಗಂಟೆಗೊಮ್ಮೆ ನಾವೇ ತಿರುವಬೇಕು. ಮರೆತರೆ ಎಡದ್ದು ಬರಿದಾಗಿ ಇಂಜಿನ್ ನಿಲ್ಲುತ್ತೆ, ಬಲದ್ದು ತುಂಬಿರುತ್ತೆ. ಬೇಗ ತಿರುವಿ ಪಂಪ್ ಹಾಕಿದರೆ ಮತ್ತೆ ಶುರುವಾಗುತ್ತೆ. ಆದರೆ ನೆಲಕ್ಕೆ ಹತ್ತಿರದಲ್ಲಿದ್ದರೆ ಅಷ್ಟು ಹೊತ್ತು ಸಿಗಲ್ಲ.

ಅಮೆರಿಕದ ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಮಾಂಟೆರೇ ಕೊಲ್ಲಿಯಲ್ಲಿ ಸತ್ತದ್ದು ಇಂಥ ಸಂದರ್ಭದಲ್ಲಿ. ಅವರು ಹೊಸದಾಗಿ ಕೊಂಡಿದ್ದ ಲಾಂಗ್-ಈಜಿ ವಿಮಾನದಲ್ಲಿ ಟ್ಯಾಂಕ್ ಬದಲಿಸುವ ಹಿಡಿ ಎಡ ಭುಜದ ಹಿಂದೆ ಇತ್ತು. ತಿರುಗಿ ಕೈ ಚಾಚದೆ ಅದು ಸಿಗುತ್ತಿರಲಿಲ್ಲ. ಟ್ಯಾಂಕಿನ ಗಾಳಿ ಆಡುವ ಕಿಂಡಿಗೆ ಕಣಜದ ಹುಳು ಮಣ್ಣು ಮೆತ್ತಿದರೂ ಇಂಧನ ಇಳಿಯುವುದು ನಿಲ್ಲುತ್ತದೆ. ಬಿಸಿಲಲ್ಲಿ ಕೊಳವೆಯೊಳಗೆ ಇಂಧನ ಆವಿಯಾಗಿ ಗುಳ್ಳೆ ಕಟ್ಟಿದರೂ ಹಾಗೆಯೇ. ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಎಚ್‌ಪಿಟಿ-32 ದೀಪಕ್ ತರಬೇತಿ ವಿಮಾನವನ್ನು, ಹಾರಾಟದ ನಡುವೆ ಇಂಜಿನ್ ನಿಲ್ಲುವ ತೊಂದರೆ ಹಲವು ಜೀವ ತೆಗೆದ ಮೇಲೆ, ವಾಯುಪಡೆ 2009ರಲ್ಲಿ ನೆಲಕ್ಕಿಳಿಸಿತು.

ದೊಡ್ಡಪ್ಪ: ಮುಗಿಯೋಕೆ ಬಂದಿದೆ ಅಂತ ಗೊತ್ತಾಯ್ತು ಅನ್ನು. ಆಗ?

ಮಗಳು: ಕೂಡಲೇ ಬಾಯಿಬಿಟ್ಟು ಹೇಳಬೇಕು. ರೇಡಿಯೋದಲ್ಲಿ ‘ಮಿನಿಮಮ್ ಫ್ಯೂಯೆಲ್’ ಅಂದರೆ, ಇನ್ನು ತಡ ಆದರೆ ರಿಸರ್ವ್ ಮುಟ್ಟಬೇಕಾಗುತ್ತೆ ಅಂತ. ರಿಸರ್ವ್ ಮುಟ್ಟೋದು ಖಚಿತ ಆದರೆ ಮೂರು ಸಲ ಮೇಡೇ ಅಂದು ‘ಫ್ಯೂಯೆಲ್’ ಅನ್ನಬೇಕು. ಆಮೇಲೆ ಎಲ್ಲರೂ ದಾರಿ ಬಿಡ್ತಾರೆ.

ದೊಡ್ಡಪ್ಪ: ಹೇಳೋಕೇನು ಕಷ್ಟ?

ಮಗಳು: ಹೇಳಿದರೆ ವಿಚಾರಣೆ ಬರುತ್ತೆ, ಮರ್ಯಾದೆ ಹೋಗುತ್ತೆ ಅನ್ನೋ ಅಳುಕು. 1990ರ ಜನವರಿ 25ಕ್ಕೆ ಕೊಲಂಬಿಯಾದ ಏವಿಯಾಂಕಾ ವಿಮಾನ ನ್ಯೂಯಾರ್ಕಿನಲ್ಲಿ ಇಳಿಯೋಕೆ ಕಾಯ್ತಾ ಸುತ್ತಿ ಸುತ್ತಿ ಇಂಧನ ಮುಗಿದು ಬಿತ್ತು, 73 ಜನ ಸತ್ತರು. ಇಂಧನ ಕಡಿಮೆ ಆಗ್ತಿದೆ ಅಂತ ಅವರು ಹೇಳಿದ್ದರು. ತುರ್ತು ಅನ್ನೋ ಮಾತು ಮಾತ್ರ ಆಡಿರಲಿಲ್ಲ.

ಇಂಜಿನ್ ನಿಂತ ಮೇಲೆ ಸೆಸ್ನಾ ಕಲ್ಲಿನ ಹಾಗೆ ಬೀಳುವುದಿಲ್ಲ. ಸರಿಯಾದ ವೇಗ ಹಿಡಿದರೆ ತನ್ನ ಎತ್ತರದ ಸುಮಾರು ಒಂಬತ್ತರಷ್ಟು ದೂರ ಜಾರಿಕೊಂಡು ಹೋಗುತ್ತದೆ. ನಂಜನಗೂಡಿನ ಶ್ರೀಕಂಠೇಶ್ವರ ದೇವಸ್ಥಾನದ ಗೋಪುರದ ನೇರಕ್ಕೆ, ನೆಲದಿಂದ 3,000 ಅಡಿ ಮೇಲೆ ಇಂಜಿನ್ ನಿಂತಿತು ಎಂದಿಟ್ಟುಕೊಂಡರೆ ಗಾಳಿಯಿಲ್ಲದ ದಿನ ಸಿಗುವುದು 8 ಕಿ.ಮೀ., ಸುಮಾರು ನಾಲ್ಕು ನಿಮಿಷ. ಮಂಡಕಳ್ಳಿ ಅಲ್ಲಿಂದ 12 ಕಿ.ಮೀ. ಟಿ. ನರಸೀಪುರದ ಸಂಗಮದ ಮೇಲಿದ್ದರೆ ರನ್‌ವೇಯ ಮಾತೇ ಬೇಡ, ಅದು 27 ಕಿ.ಮೀ. ದೂರ, ಮುಂಗಾರಿನಲ್ಲಿ ಆ ಕಡೆಗೆ ತಿರುಗಿದರೆ ಗಾಳಿಯೂ ಎದುರು. ಇಂಜಿನ್ ಓಡುತ್ತಿದ್ದಾಗ ಅದೇ ದೂರಕ್ಕೆ ಬೇಕಿದ್ದದ್ದು ನಾಲ್ಕೈದು ಲೀಟರ್.

ಮಗಳು: ಮೇಲಿಂದ ನೋಡಿದರೆ ನಮ್ಮ ಬಯಲೆಲ್ಲ ಇಳಿಯೋಕೆ ಚೆನ್ನಾಗಿದೆ ಅನ್ನಿಸುತ್ತೆ. ಸಪಾಟು, ಹಸಿರು.

ದೊಡ್ಡಪ್ಪ: ಆ ಹಸಿರೇ ಮೋಸ ಕಣವ್ವ. ಕಬಿನಿ ನಾಲೆ ನೀರು ಬಿಟ್ಟು ನಾಟಿ ಆದ ಮೇಲೆ ಗದ್ದೆ ಮೊಣಕಾಲುದ್ದ ಕೆಸರು. ಚಕ್ರ ಹೂತು ಮಗುಚ್ಕೊಳ್ತದೆ. ಕಬ್ಬಿನ ತೋಟವೂ ಮೇಲಿಂದ ಹುಲ್ಲಿನ ಹಾಗೇ ಕಾಣ್ತದೇನೋ, ಅದು ಆಳಿಗಿಂತ ಎತ್ತರ. ಕುಯ್ಲು ಆದ ಮೇಲೆ ಸಂಕ್ರಾಂತಿ ಹೊತ್ತಿಗೆ ಗದ್ದೆ ಒಣಗಿ ಗಟ್ಟಿ ಆಗಿರ್ತದೆ. ಆಗಲೂ ಬದು ಇರ್ತವೆ. ಬದುವಿನ ಉದ್ದಕ್ಕೆ ಇಳಿಯಬೇಕು, ಅಡ್ಡಕ್ಕಲ್ಲ.

ಮಗಳು: ಮತ್ತೆ ಎಲ್ಲಿಗೆ ಬರಬೇಕು?

ದೊಡ್ಡಪ್ಪ: ನಾಲೆ ನೀರು ಹತ್ತದ ದಿಣ್ಣೆ ಮೇಲಿನ ಹುರುಳಿ ಹೊಲ. ಬಿತ್ತನೆಗೆ ಮುಂಚೆ ಬೀಳು ಬಿಟ್ಟಿರೋದಾದರೆ ಇನ್ನೂ ವಾಸಿ. ಕರೆಂಟು ತಂತಿ ನೋಡ್ಕೋ. ಪಂಪ್‌ಸೆಟ್ಟಿಗೆ ಎಳೆದಿರೋ ತಂತಿಗೆ ಕಂಬ ದೂರ ದೂರ ಇರ್ತವೆ.

ಮಗಳು: ತಂತಿ ಮೇಲಿಂದ ಕಾಣಲ್ಲ, ಕಂಬದ ನೆರಳೇ ಕಾಣೋದು. ಕಂಬದ ಸಾಲು ಕಂಡರೆ ತಂತಿ ಇದೆ ಅಂತಲೇ ಅಂದುಕೊಳ್ತೀವಿ.

ಹೊಲದಲ್ಲಿ ಇಳಿಯುವುದು ಕರ್ನಾಟಕದಲ್ಲಿ ಬರೀ ಊಹೆಯ ಮಾತಲ್ಲ. 2023ರ ಮೇ 30ರಂದು ಸಾಂಬ್ರಾದಿಂದ ಎದ್ದ ತರಬೇತಿ ವಿಮಾನವೊಂದು ತಾಂತ್ರಿಕ ತೊಂದರೆಯಿಂದ ಬೆಳಗಾವಿ ಹತ್ತಿರದ ಹೊನ್ನಿಹಾಳದ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿದರು. ಇಂಥ ಇಳಿತದಲ್ಲಿ ಗಾಳಿಗೆ ಎದುರಾಗಿ, ಆದಷ್ಟು ನಿಧಾನವಾಗಿ ನೆಲ ಮುಟ್ಟಬೇಕು. ಅದಕ್ಕೂ ಮೊದಲೇ ಇಂಧನದ ಹಿಡಿ ಮುಚ್ಚಿ, ವಿದ್ಯುತ್ ಸ್ವಿಚ್ ಆರಿಸಿ, ಬಾಗಿಲು ಬಿಗಿದು ಸಿಕ್ಕಿಕೊಳ್ಳದಂತೆ ಸ್ವಲ್ಪ ತೆರೆದಿಡುವುದು ಕ್ರಮ. ಟ್ಯಾಂಕ್ ಬರಿದಾಗಿ ಬಿದ್ದ ವಿಮಾನ ಸಾಮಾನ್ಯವಾಗಿ ಹೊತ್ತಿಕೊಳ್ಳುವುದಿಲ್ಲ. ಬಿದ್ದ ಜಾಗದಲ್ಲಿ ಪೆಟ್ರೋಲ್ ವಾಸನೆ ಇಲ್ಲದಿರುವುದೇ ತನಿಖೆಗೆ ಬಂದವರಿಗೆ ಮೊದಲ ಸುಳಿವು. ಆಮೇಲೆ ಅವರು ಟ್ಯಾಂಕ್ ಹಿಡಿ ಯಾವ ಕಡೆಗಿತ್ತು, ಕೊಳವೆಯಲ್ಲಿ ಎಷ್ಟು ಉಳಿದಿತ್ತು, ಹೊರಡುವಾಗ ಎಷ್ಟು ಹಾಕಿಸಿದ ಚೀಟಿ ಇದೆ ಎಂದು ನೋಡುತ್ತಾರೆ.

ದೊಡ್ಡಪ್ಪ: ಎಲ್ಲ ಸರಿಯಾಗಿ ನಡೆದು ಮಂಡಕಳ್ಳಿಗೆ ವಾಪಸ್ ಬಂದಾಗ ಟ್ಯಾಂಕಲ್ಲಿ ಎಷ್ಟಿರಬೇಕು?

ಮಗಳು: 152 ಆದರೆ 23 ಲೀಟರಿಗೆ ಕಡಿಮೆ ಇರಬಾರದು, ಒಂದು ಗಂಟೆಯದು. ಇಂಜಿನ್ ನಿಲ್ಲಿಸಿದ ಮೇಲೆ ಮತ್ತೆ ಏಣಿ ಹತ್ತಿ ಡಿಪ್‌ಸ್ಟಿಕ್ ಇಳಿಸ್ತೀವಿ. ಹೊರಟಾಗ ಇದ್ದದ್ದು, ಈಗ ಇರೋದು, ಹಾರಿದ ಹೊತ್ತು, ಮೂರನ್ನೂ ಬರೀತೀವಿ. ಹತ್ತು ಹಾರಾಟ ಬರೆದರೆ ಆ ವಿಮಾನ ಗಂಟೆಗೆ ನಿಜವಾಗಿ 23 ಕುಡಿಯುತ್ತೋ 25 ಕುಡಿಯುತ್ತೋ ಗೊತ್ತಾಗುತ್ತೆ. ಮುಂದಿನ ಹಾರಾಟಕ್ಕೆ ಆ ಅಂಕಿಯನ್ನೇ ಹಿಡೀತೀವಿ, ಪುಸ್ತಕದ್ದನ್ನಲ್ಲ.